ಕಣಕಿ ಬಣವಿಯ ಹಿಂದಿನ ರೋಡ್‌ಕಿಂಗ್

ಯಲಬುರ್ಗಾ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳದ ಸುಗ್ಗಿ ಮುಗಿದರೆ ಊರೂರ ಹಿತ್ತಲಲ್ಲಿ ಕಣಕಿ ಬಣವಿಗಳು ಏಳುತ್ತವೆ. ಅಂಥದ್ದೊಂದು ಬಣವಿಯ ಹಿಂದೆ, ಮುರಿದ ಕೂರಿಗೆ, ಬಾಗಿದ ನೀರಿನ ಪೈಪು, ಹರಿದ ತಾಡಪಾಲುಗಳ ನಡುವಿನಿಂದ ಜೋಡಿ ಸೈಲೆನ್ಸರುಗಳ ತುದಿ ಹೊರಗೆ ಇಣುಕಿವೆ. ತಾಡಪಾಲು ಎತ್ತಿದರೆ ಮೊದಲು ಹಲ್ಲಿ ಓಡುತ್ತದೆ, ಆಮೇಲೆ ಕಾವಿಗೆ ಕೂತ ಕೋಳಿ ಬೈಯುತ್ತಾ ಏಳುತ್ತದೆ. ಆಮೇಲೆ ಕಾಣುವುದು ಗಾಡಿ. ಟಾಕಿಯ ಎರಡೂ ಪಕ್ಕದ ರಬ್ಬರು ಬಿಸಿಲಿಗೆ ಬಿರಿದಿದೆ. ಸ್ಪೀಡೋಮೀಟರಿನ ಗಾಜು ಹಳದಿಯಾಗಿದೆ. ಪ್ಲಗ್ಗಿನ ತೂತಿಗೆ ಯಾರೋ ಹಳೆ ಧೋತರದ ಚಿಂದಿ ತುರುಕಿದ್ದಾರೆ. ಎಂಜಿನ್ನಿನ ಎಡಮಗ್ಗುಲಿನ ಲಿವರು ಮಾತ್ರ ಕಾಲಿನ ಸವೆತಕ್ಕೆ ನುಣುಪಾಗಿ ಇನ್ನೂ ಹೊಳೆಯುತ್ತಿದೆ. ಅದೇ ಗೇರು, ಅದೇ ಕಿಕ್ಕು: ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಗೇರಿನ ಲಿವರೇ ಕಿಕ್ಕರ್ ಆಗುತ್ತದೆ. ಮೈಸೂರಿನ ಯೆಜ್ಡಿ ಅನ್ನುವುದಕ್ಕೆ ಅಷ್ಟು ಗುರುತು ಸಾಕು.

ಗಂಗಾವತಿಯಿಂದ ಬಂದ ಹುಡುಗರಿಬ್ಬರು ಮಂಡಿಯೂರಿ ಕೂತು, ಎಂಜಿನ್ನಿನ ಮೇಲಿನ ಜಿಡ್ಡನ್ನು ಹೆಬ್ಬೆರಳಿನಿಂದ ತಿಕ್ಕಿ ನಂಬರು ಓದುತ್ತಾರೆ. ಮನೆಯ ಹಿರಿಯರು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಇವರನ್ನೇ ನೋಡುತ್ತಿದ್ದಾರೆ.

‘ಯಜಮಾನರ, ಗಾಡಿ ಕೊಡ್ತೀರೇನ್ರಿ?’

‘ಅದು ಓಡಿ ಯಾವ ಕಾಲ ಆತೋ ತಮ್ಮಾ. ನನ್ನ ತಮ್ಮಗ ಹೆಣ್ಣು ನೋಡಾಕ ಕುಷ್ಟಗಿಗೆ ಇದರ ಮ್ಯಾಲೇ ಹೋಗಿದ್ವಿ, ಮೂರು ಮಂದಿ. ಮೊನ್ನೆ ಗುಜರಿಯಂವ ಬಂದು ಕೇಜಿ ಲೆಕ್ಕ ಹೇಳಿದ. ಕೇಜಿ ಲೆಕ್ಕದಾಗ ಕೊಡೂ ವಸ್ತುವೇನ ಇದು?’

‘ಕಾಗದ ಅದಾವೇನ್ರಿ?’

‘ಟ್ರಂಕಿನ್ಯಾಗ ಇರಬೇಕು. ಇಲಿ ತಿಂದಿರದಿದ್ರ.’

ಈ ಹುಡುಗರ ಹುಚ್ಚಿಗೆ ಜಗತ್ತಿನಲ್ಲಿ ದೊಡ್ಡ ಬಳಗವೇ ಇದೆ. ಅದರ ತುತ್ತತುದಿಯಲ್ಲಿ ಇರುವವರು ಹಳೆಯ ಮೋಟೊಕ್ರಾಸ್ ರೇಸಿನ ‘ಫ್ಯಾಕ್ಟರಿ’ ಗಾಡಿಗಳನ್ನು ಕೂಡಿಡುವವರು. ಮೋಟೊಕ್ರಾಸ್ ಅಂದರೆ ಮಣ್ಣಿನ ಹಾದಿಯಲ್ಲಿ, ದಿಬ್ಬ ಹಾರಿಸಿ, ಕೆಸರು ಸೀಳಿಕೊಂಡು ಓಡಿಸುವ ರೇಸು. 1970-80ರ ದಶಕದಲ್ಲಿ ಹೋಂಡಾ, ಸುಜುಕಿ, ಯಮಹಾದಂಥ ಕಂಪನಿಗಳು ತಮ್ಮ ಸವಾರರಿಗೆಂದೇ ಬೆರಳೆಣಿಕೆಯ ಗಾಡಿಗಳನ್ನು ಕೈಯಿಂದ ಕಟ್ಟುತ್ತಿದ್ದವು. ಎಂಜಿನ್ನಿನ ಕವಚ ಮೆಗ್ನೀಷಿಯಂನದು, ಬೋಲ್ಟುಗಳು ಟೈಟಾನಿಯಂನವು. ಅಂಗಡಿಯಲ್ಲಿ ಮಾರುವ ಗಾಡಿಗೂ ಅವಕ್ಕೂ ಬಣ್ಣದ ಹೋಲಿಕೆ ಬಿಟ್ಟರೆ ಸಂಬಂಧವೇ ಇರಲಿಲ್ಲ. ಸುಜುಕಿಯ ಗಾಡಿಗಳು ಎಷ್ಟು ಹಗುರಾದವೆಂದರೆ, ತೂಕ ಇದಕ್ಕಿಂತ ಕಡಿಮೆ ಇರಕೂಡದೆಂದು ಅಂತರರಾಷ್ಟ್ರೀಯ ಒಕ್ಕೂಟ 1973ರಲ್ಲಿ ನಿಯಮವನ್ನೇ ತರಬೇಕಾಯಿತು. ಇಷ್ಟು ಮುತುವರ್ಜಿಯಿಂದ ಕಟ್ಟಿದ ಗಾಡಿಗಳನ್ನು ಸೀಸನ್ ಮುಗಿದ ಮೇಲೆ ಹಲವು ಸಲ ಕಂಪನಿಯವರೇ ಕತ್ತರಿಸಿ, ಜಜ್ಜಿ ಹಾಕುತ್ತಿದ್ದರು. ಗುಟ್ಟು ಎದುರಾಳಿಯ ಕೈಗೆ ಸಿಗಬಾರದು, ಅಷ್ಟೇ. ಯಾವನೋ ಮೆಕ್ಯಾನಿಕ್ಕನೋ ಡೀಲರನೋ ಕಣ್ಣು ತಪ್ಪಿಸಿ ಉಳಿಸಿಕೊಂಡವೇ ಇವತ್ತು ಸಂಗ್ರಹಕಾರರ ಪಾಲಿನ ಕೊಪ್ಪರಿಗೆ. ಅಮೆರಿಕದ ರೇಸುಗಳಲ್ಲಿ 1986ರಿಂದ, ಮಾರುವ ಗಾಡಿಯನ್ನೇ ಆಧಾರ ಮಾಡಿಕೊಳ್ಳಬೇಕೆಂಬ ನಿಯಮ ಬಂತು. ಕೈಯಲ್ಲಿ ಕಟ್ಟಿದ ಗಾಡಿಗಳ ಕಾಲ ಆ ದೇಶದಲ್ಲಿ ಅಲ್ಲಿಗೆ ಮುಗಿಯಿತು.

ಆ ಕಥೆಗೂ ಈ ಕಣಕಿ ಬಣವಿಗೂ ಏನು ನಂಟು ಅಂತ ಕೇಳಬಹುದು. ನಂಟಿದೆ. ಜಪಾನಿನವರು ಮೋಟೊಕ್ರಾಸಿನಲ್ಲಿ ಮೇಲುಗೈ ಪಡೆಯುವ ಮುಂಚೆ ಅಲ್ಲಿ ಮೆರೆಯುತ್ತಿದ್ದದ್ದರಲ್ಲಿ ದೊಡ್ಡ ಹೆಸರು ಜೆಕೊಸ್ಲೊವಾಕಿಯಾದ ಸಿಜೆಡ್. ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964ರಲ್ಲೂ, ಮತ್ತೆ 1968, 1969ರಲ್ಲೂ 250 ಸಿಸಿಯ ವಿಶ್ವಪಟ್ಟ ಗೆದ್ದದ್ದು ಸಿಜೆಡ್ ಮೇಲೆ. ಪೂರ್ವ ಜರ್ಮನಿಯ ಪಾಲ್ ಫ್ರೆಡ್ರಿಕ್ಸ್ 1966ರಿಂದ ಸತತ ಮೂರು ವರ್ಷ 500 ಸಿಸಿ ಪಟ್ಟ ಗೆದ್ದದ್ದೂ ಅದರ ಮೇಲೆಯೇ. 1970ರಲ್ಲಿ ರಾಬರ್ಟ್ ಸುಜುಕಿಗೆ ಜಿಗಿದ. ಜೆಕ್ ಗಾಡಿಗಳ ದರ್ಬಾರು ಅಲ್ಲಿಂದ ಇಳಿಮುಖವಾಯಿತು. ಸಿಜೆಡ್‌ನ ಒಡಹುಟ್ಟು ಜಾವಾ. ಆ ಜಾವಾದ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಕಟ್ಟತೊಡಗಿತು. 1973ರ ಹೊತ್ತಿಗೆ ಹೆಸರು ಯೆಜ್ಡಿಯಾಯಿತು. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್‌ಗೆ (ಬಣವಿಯ ಹಿಂದಿನ ಗಾಡಿಯೂ ಅದೇ) ಸಿಜೆಡ್‌ನ ಮೋಟೊಕ್ರಾಸ್ ಗಾಡಿಯೇ ಮೂಲ ಎಂದು ಹವ್ಯಾಸಿಗಳು ಎದೆ ತಟ್ಟಿ ಹೇಳುತ್ತಾರೆ. ಯುರೋಪಿನ ಕೆಸರಿನಲ್ಲಿ ವಿಶ್ವಪಟ್ಟ ಗೆದ್ದ ವಂಶದ ಕುಡಿ ಮುಧೋಳ, ಬೇವೂರಿನ ಬಂಡಿ ಜಾಡಿನಲ್ಲಿ ಶೇಂಗಾ ಚೀಲ ಹೊತ್ತು ಓಡಾಡಿದೆ. ಹೊತ್ತವನಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾದ ದರ್ದೂ ಇರಲಿಲ್ಲ.

ಈ ಸೀಮೆಯ ನೆಲ ನೋಡಿದರೆ ಮೋಟೊಕ್ರಾಸಿಗೆಂದೇ ಹಾಸಿಟ್ಟಂತಿದೆ. ಆನೆಗೊಂದಿ, ಸಾಣಾಪುರದ ಗುಂಡುಕಲ್ಲಿನ ಗುಡ್ಡಗಳು, ಕೊಪ್ಪಳದ ಸುತ್ತಿನ ಮೊರಂ ದಿಬ್ಬಗಳು, ಮಳೆ ಬಿದ್ದರೆ ಗಾಲಿಗೆ ಹೊರೆಹೊರೆ ಮೆತ್ತಿಕೊಳ್ಳುವ ಎರೆಮಣ್ಣು. ಆದರೆ ರೇಸಿನ ಹೆಸರು ಬೆಳೆದದ್ದು ಬೇರೆ ಕಡೆ. ತೆರೆಯ ಮೇಲೆ 1976ರ ‘ನಾ ನಿನ್ನ ಮರೆಯಲಾರೆ’ಯಲ್ಲಿ ರಾಜ್‌ಕುಮಾರ್ ಬೈಕ್ ರೇಸಿನ ಸವಾರರಾಗಿ ಬಂದರು. ಟಿವಿಎಸ್ ಕಂಪನಿ 1982ರಲ್ಲಿ ತನ್ನದೇ ರೇಸಿಂಗ್ ತಂಡ ಕಟ್ಟಿತು. ಮಣ್ಣಿನ ಟ್ರ್ಯಾಕಿನಲ್ಲಿ ಪಳಗಿದ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಪೂರೈಸಿದ ಮೊದಲ ಭಾರತೀಯರಾದರು, 36ನೇ ಸ್ಥಾನ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ 37ನೆಯವರಾಗಿ ಮುಗಿಸಿದರು. ನಮ್ಮ ಹಳ್ಳಿಗಳಿಗೆ ಅವರು ಗೊತ್ತಾದದ್ದು ಮಾತ್ರ ಎರಡು ವರ್ಷ ಬಿಟ್ಟು, ಕನ್ನಡ ಬಿಗ್ ಬಾಸ್‌ನ ಎರಡನೇ ಸ್ಥಾನದಿಂದ. ಡಕಾರ್‌ನ ಮರಳಿಗಿಂತ ಟಿವಿ ಮನೆ ದೊಡ್ಡದು, ಏನು ಮಾಡೋದು!

ಗಂಗಾವತಿಯ ಗ್ಯಾರೇಜೊಂದರಲ್ಲಿ ಸಂಜೆ ಹೊತ್ತು ಕೂತರೆ ಈ ಹವ್ಯಾಸದ ಅಸಲಿ ಮುಖ ಕಾಣುತ್ತದೆ. ಹೊರಗೆ ಭತ್ತದ ಲಾರಿಗಳ ಸಾಲು, ರೈಸ್ ಮಿಲ್ಲಿನ ಹೊಟ್ಟು ಗಾಳಿಯಲ್ಲಿ ತೇಲಿ ಬಂದು ಚಹಾದ ಗ್ಲಾಸಿಗೆ ಬೀಳುತ್ತದೆ. ಒಳಗೆ ಚಾಚಾ, ಎಪ್ಪತ್ತರ ಆಸುಪಾಸು, ಕೆಳಗೆ ಗೋಣಿತಟ್ಟು ಹಾಸಿಕೊಂಡು ಕೂತಿದ್ದಾರೆ. ಬಣವಿಯ ಹಿಂದಿನಿಂದ ಬಂದಂಥದ್ದೇ ಒಂದು ಎಂಜಿನ್ನು ಅವರ ಮುಂದಿದೆ. ಪಿಸ್ಟನ್ ಜಾಮ್. ಹುಡುಗರು ಸುತ್ತಿಗೆ ಎತ್ತಲು ನೋಡಿದರೆ ಅವರು ಬಿಡುವುದಿಲ್ಲ. ಪ್ಲಗ್ಗಿನ ತೂತಿನಿಂದ ಡೀಸೆಲ್ ಸುರಿದು ದಿನಗಟ್ಟಲೆ ಬಿಡುತ್ತಾರೆ. ಆಮೇಲೆ ಲಿವರಿಗೆ ಅಂಗೈ ಕೊಟ್ಟು, ಕೂದಲೆಳೆಯಷ್ಟು ಅಲ್ಲಾಡಿಸುತ್ತಾರೆ. ಒಂದು ಘಳಿಗೆಯಲ್ಲಿ ‘ಕಟ್’ ಅನ್ನುತ್ತದೆ.

‘ಬಿಡ್ತು. ಈಗ ಬೋರ್ ನೋಡು.’

‘ಬೋರ್ ಕೊರಿಸಬೇಕೇನ್ರಿ ಚಾಚಾ?’

‘ಬ್ಯಾಡ. ಅದರ ಪಿಸ್ಟನ್ ಎಲ್ಲಿ ತರ್ತಿ? ರಿಂಗ್ ಹಾಕಿ ನೋಡೂಣು. ಅವಸರ ಮಾಡಿದಂವಗ ಯೆಜ್ಡಿ ಒಲಿಯಂಗಿಲ್ಲ.’

ಗಾಡಿ ಚಾಲೂ ಆದ ಮೇಲೂ ಅವರಿಗೆ ನಂಬಿಕೆ ಇಲ್ಲ. ಒಂದು ಸುತ್ತು ಓಡಿಸಿ ತರಿಸಿ, ಪ್ಲಗ್ ಬಿಚ್ಚಿ, ಬಲ್ಬಿನ ಕೆಳಗೆ ಹಿಡಿದು ಅದರ ಮೂತಿ ನೋಡುತ್ತಾರೆ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲಿಗೆ ಬೆರೆಸಿದ ಆಯಿಲ್ ಹೆಚ್ಚಾಗಿದೆ, ಇಲ್ಲವೇ ಕಾರ್ಬೋರೇಟರ್ ಹೆಚ್ಚು ಪೆಟ್ರೋಲು ಕುಡಿಸುತ್ತಿದೆ. ಬೂದಿ ಬಿಳುಪಾಗಿದ್ದರೆ ಎಲ್ಲೋ ಗಾಳಿ ಒಳನುಗ್ಗುತ್ತಿದೆ, ಎಂಜಿನ್ನು ಕಾದು ಮತ್ತೆ ಹಿಡಿಯುತ್ತದೆ. ಚಹಾದ ಕಂದು ಬಣ್ಣ ಬಂದರೆ ಸರಿ. ಇಷ್ಟು ನೋಡುವುದಕ್ಕೆ ಯಾವ ಕಂಪ್ಯೂಟರೂ ಬೇಡ. ಹೊಸ ಗಾಡಿಗಳನ್ನು ಚಾಚಾ ಮುಟ್ಟುವುದಿಲ್ಲ. ‘ಅದು ವೈರಿನ ಗಂಟು’ ಎಂದು ಮಗನ ಕಡೆ ಕೈ ತೋರಿಸುತ್ತಾರೆ.

ಬಣ್ಣದ ವಿಷಯದಲ್ಲಿ ನನ್ನದು ಬೇರೆ ಹಟ. ಇತ್ತೀಚೆಗೆ ಹಳೆ ಗಾಡಿ ಸಿಕ್ಕಿದ್ದೇ ತಡ, ಪೂರ್ತಿ ಕೆರೆದು, ಮದುವೆ ಮಂಟಪದ ಹಾಗೆ ಕ್ರೋಮ್ ಹೊಡೆಸಿ, ಕಾರ್ಖಾನೆ ಕನಸಿನಲ್ಲೂ ಹಚ್ಚದ ಬಣ್ಣ ಹಚ್ಚಿಸಿ ನಿಲ್ಲಿಸುತ್ತಾರೆ. ನೋಡಲು ಚೆಂದ, ಗಾಡಿ ಮಾತ್ರ ಸತ್ತಿರುತ್ತದೆ. ಮೈಸೂರಿನಲ್ಲಿ ಟಾಕಿಯ ಮೇಲೆ ಎಳೆದ ಗೆರೆ ಅರ್ಧ ಅಳಿಸಿ ಉಳಿದಿದ್ದರೂ ಅದು ಅಸಲು. ಫ್ಯಾಕ್ಟರಿ ರೇಸ್ ಗಾಡಿ ಕೂಡಿಡುವ ಹೊರದೇಶದವರೂ ಇದೇ ಮಾತು ಆಡುತ್ತಾರೆ: ಸವಾರನ ಬೂಟು ತಿಕ್ಕಿ ಹೋದ ಬಣ್ಣವನ್ನು ಮುಚ್ಚಬೇಡಿ, ಬೆಲೆ ಅದಕ್ಕೇ.

ಅಸಲು ಯಾವುದು, ಜೋಡಿಸಿದ್ದು ಯಾವುದು ಎಂದು ಕಂಡುಹಿಡಿಯುವುದಕ್ಕೆ ಇಸವಿಗಳೂ ನೆರವಾಗುತ್ತವೆ. ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಎಸ್ಕಾರ್ಟ್ಸ್‌ನವರ ಯಮಹಾ ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ. ಹಾಗಾಗಿ ‘ಕೊಪ್ಪಳದ ಮೊದಲ ಓನರ್ ಗಾಡಿ ಸಾರ್’ ಎಂದು, ಆ ವರ್ಷ ದಾಟಿ ಬಹಳ ಕಾಲದ ಮೇಲೆ ನೋಂದಣಿಯಾದ ಆರ್‌ಎಕ್ಸ್ 100 ತೋರಿಸಿದರೆ ಕಿಸೆಗೆ ಕೈ ಹಾಕುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಹೊರಗಿನಿಂದ ಬಂದು ಇಲ್ಲಿ ಮರುನೋಂದಣಿ ಆಗಿರಬಹುದು. ಬೇರೊಂದು ಗಾಡಿಯ ಕಾಗದಕ್ಕೆ ಈ ಎಂಜಿನ್ನು ಕೂರಿಸಿಯೂ ಇರಬಹುದು.

ಕೊಪ್ಪಳ ಜಿಲ್ಲೆಯ ಊರುಗಳಲ್ಲಿ ಗಾಡಿ ಸಿಗುವ ಬಗೆಯೂ ಒಂದೇ ಅಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಹರಿದ ಗಂಗಾವತಿ, ಕಾರಟಗಿಯಲ್ಲಿ ಭತ್ತದ ದುಡ್ಡು ಓಡಾಡಿತು. ಹೊರಗಿನಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ಬುಲೆಟ್, ಊರಲ್ಲಿ ಯೆಜ್ಡಿ, ಹಾಲಿನವರಿಗೆ ರಾಜದೂತ್. ದುಡ್ಡು ಬಂದ ಹಾಗೆ ಹಳೆಯದನ್ನು ಮಾರಿ ಹೊಸದು ತಂದರು, ಉಳಿದದ್ದು ಗದ್ದೆಯ ತೇವಕ್ಕೆ ತುಕ್ಕು ಹಿಡಿಯಿತು. ಮಳೆಯನ್ನೇ ನೆಚ್ಚಿದ ಯಲಬುರ್ಗಾ, ಕುಷ್ಟಗಿಯಲ್ಲಿ ಗಾಡಿ ಕೊಂಡವರೇ ಕಡಿಮೆ. ಕೊಂಡವರು ಮಾರಲಿಲ್ಲ, ಒಣಹವೆ ಕಬ್ಬಿಣವನ್ನು ಕಾಯಿತು. ಹುಡುಕುವವರು ಈಗ ಒಣಭೂಮಿಯ ಕಡೆಗೇ ಗಾಡಿ ತಿರುಗಿಸುತ್ತಾರೆ. ಕುಷ್ಟಗಿಯ ಹೆದ್ದಾರಿ ಬದಿಯ ಗುಜರಿಗಳನ್ನೂ ಬಿಡುವುದಿಲ್ಲ. ಕೊಪ್ಪಳದಲ್ಲಿ ಗವಿಮಠದ ಜಾತ್ರೆಯ ಹೊತ್ತಿಗೆ ಎಲ್ಲ ಕಡೆಯ ಜನ ಸೇರುತ್ತಾರಲ್ಲ, ಯಾರ ಮನೆಯ ಹಿತ್ತಲಲ್ಲಿ ಏನಿದೆ ಎಂಬ ಸುದ್ದಿಯೂ ಅಲ್ಲೇ ಕೈ ಬದಲಾಗುತ್ತದೆ.

ಒಂದು ಕೆಟ್ಟ ಚಾಳಿಯ ಬಗ್ಗೆ ಹೇಳದೆ ಇರಲಾಗದು. ‘ಇದರಾಗ ಏನೂ ಉಳಿದಿಲ್ಲ ಬಿಡ್ರಿ’ ಎಂದು ರೈತನ ಮುಂದೆ ಮೂಗು ಮುರಿದು, ಗುಜರಿ ರೇಟಿಗೆ ಎತ್ತಿಕೊಂಡು ಹೋಗಿ, ಬೆಂಗಳೂರಿನಲ್ಲಿ ಹತ್ತಾರು ಪಟ್ಟು ರೇಟಿಗೆ ಮಾರುವವರಿದ್ದಾರೆ. ಅದು ಸಂಗ್ರಹವಲ್ಲ, ದಲ್ಲಾಳಿತನ. ಗಂಗಾವತಿಯ ಆ ಹುಡುಗರು ಅವತ್ತು ಬಣವಿಯ ಹಿಂದಿನ ಗಾಡಿಗೆ ಪೇಟೆಯಲ್ಲಿ ಎಷ್ಟು ನಡೆಯುತ್ತದೆ ಎಂದು ಹಿರಿಯರಿಗೆ ನೇರವಾಗಿ ಹೇಳಿಬಿಟ್ಟರು. ಕೇಳಿದ ಹಿರಿಯರು ಎಲೆ ಉಗಿದು, ‘ಅಷ್ಟ ಐತೇನು? ಹಂಗಾರ ನಮ್ಮ ಮೊಮ್ಮಗನ ಇಟ್ಕೊಳ್ಳಲಿ’ ಎಂದರು. ವ್ಯಾಪಾರ ಮುರಿಯಿತು, ಗಾಡಿ ಉಳಿಯಿತು.

ಉಳಿಸಿಕೊಳ್ಳುವವರು ಕಾನೂನಿನ ಕಡೆಯೂ ಒಂದು ಕಣ್ಣಿಡಬೇಕು. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ದ್ವಿಚಕ್ರಕ್ಕೆ 300 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 1,000 ಆಯಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 2,000ಕ್ಕೆ ಏರಿತು. ಮೂಲೆಗೆ ಬಿದ್ದ ಎಷ್ಟೋ ಗಾಡಿಗಳು ಗುಜರಿಯ ಲಾರಿ ಏರಲು ಇಷ್ಟೇ ನೆಪ ಸಾಕು. ಇನ್ನೊಂದು ಬಾಗಿಲೂ ಇದೆ. 50 ವರ್ಷ ದಾಟಿ, ದೊಡ್ಡ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರುವ ಗಾಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಆಮೇಲಿನ ನವೀಕರಣಕ್ಕೆ 5,000. ಅಂಥ ಗಾಡಿಯನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ ರಸ್ತೆಗಿಳಿಸಬಹುದು, ದಿನದ ಓಡಾಟಕ್ಕಲ್ಲ. ಮೈಸೂರಿನ ಮೊದಲ ಜಾವಾಗಳು ಈ ವಯಸ್ಸು ದಾಟಿ ಬಹಳ ಕಾಲವಾಯಿತು, ಮೊದಲ ಯೆಜ್ಡಿಗಳೂ ದಾಟಿವೆ. ರೋಡ್‌ಕಿಂಗ್‌ನ ಸರದಿ 2028ಕ್ಕೆ.

ನಿಮ್ಮ ಮನೆಯ ಹಿತ್ತಲಲ್ಲೂ ಅಂಥದ್ದೊಂದು ಇದ್ದರೆ, ಗುಜರಿಯವನು ತಕ್ಕಡಿ ತರುವ ಮುಂಚೆ ಮೊದಲು ಟ್ರಂಕು ತೆಗೆದು ಆರ್‌ಸಿ ಪುಸ್ತಕ ಹುಡುಕಿ. ಅದರಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ತಾಳೆಯಾಗುತ್ತವೆಯೇ ನೋಡಿ, ಹಿರಿಯರು ತೀರಿಹೋಗಿದ್ದರೆ ವಾರಸುದಾರರ ಹೆಸರಿಗೆ ವರ್ಗ ಮಾಡಿಸಿಕೊಳ್ಳಿ. ಪಿಸ್ಟನ್ನು, ರಿಂಗು ಇವತ್ತಲ್ಲ ನಾಳೆ ಸಿಕ್ಕಾವು. ಕಾಗದ ಹೋದರೆ ಗಾಡಿಯನ್ನು ಮತ್ತೆ ರಸ್ತೆಗೆ ತರುವುದು ದೊಡ್ಡ ತಾಪತ್ರಯ.