ಹುಲ್ಲಿನ ಲಾರಿ

ಭಾರವಾದ ವಸ್ತುವನ್ನು ಸಾಗಿಸುವವನು ಸ್ವಭಾವತಃ ಜಾಗರೂಕನಾಗಿರುತ್ತಾನೆ. ಕಲ್ಲನ್ನೋ ಕಬ್ಬಿಣವನ್ನೋ ಹೊತ್ತ ಲಾರಿ ಏರಿನಲ್ಲಿ ನರಳುತ್ತದೆ, ಇಳಿಜಾರಿನಲ್ಲಿ ನಿಲ್ಲಲೊಲ್ಲದು, ಅದರ ಸ್ಪ್ರಿಂಗುಗಳೇ ಬಾಗಿ ಚಾಲಕನಿಗೆ ಎಚ್ಚರಿಕೆಯನ್ನು ಹೇಳುತ್ತಿರುತ್ತವೆ. ಹುಲ್ಲಾದರೋ ಹಾಗಲ್ಲ. ಅದು ಎರಡಾಳೆತ್ತರ ಏರಿದರೂ ಎಂಜಿನ್ನು ದೂರುವುದಿಲ್ಲ, ಟೈರು ಚಪ್ಪಟೆಯಾಗುವುದಿಲ್ಲ. ಇನ್ನೊಂದು ವರಸೆ ಹಾಕಿದರೇನು ಎಂಬ ಆಸೆಗೆ ತಡೆಯೊಡ್ಡುವ ಯಾವ ಸೂಚನೆಯೂ ವಾಹನದಿಂದ ಹೊರಡುವುದಿಲ್ಲ. ನಮ್ಮ ರಸ್ತೆಗಳಲ್ಲಿ ಸಂಚರಿಸುವ ಸರಕುಗಳಲ್ಲಿ ಹುಲ್ಲಿನಷ್ಟು ನಿರಪಾಯಕರವಾಗಿ ಕಾಣುವುದು ಮತ್ತೊಂದಿಲ್ಲ. ಅದರ ಅಪಾಯವೆಲ್ಲ ಹುಟ್ಟುವುದು ಈ ಹಗುರತನದಿಂದಲೇ.

ಸುಗ್ಗಿ ಮುಗಿದ ಮೇಲೆ ತುಂಗಭದ್ರಾ ನಾಲೆಯ ಬಯಲಾದ ಗಂಗಾವತಿ, ಕಾರಟಗಿ, ಸಿಂಧನೂರುಗಳಿಂದಲೂ, ಭದ್ರಾ ನೀರುಣ್ಣುವ ದಾವಣಗೆರೆಯ ಕಡೆಯಿಂದಲೂ, ವಿಶ್ವೇಶ್ವರಯ್ಯ ನಾಲೆಯ ಮಂಡ್ಯದಿಂದಲೂ ಭತ್ತದ ಹುಲ್ಲು ಮೇವು ಸಾಲದ ನಾಡುಗಳನ್ನರಸಿ ಹೊರಡುತ್ತದೆ. ಕೆಲವು ಲಾರಿಗಳು ಘಟ್ಟವಿಳಿದು ಕರಾವಳಿಗೆ, ಕೆಲವು ಗುಂಡ್ಲುಪೇಟೆಯನ್ನು ದಾಟಿ ಕೇರಳಕ್ಕೆ. ಹಿಂದೆ ಈ ಹುಲ್ಲು ಊರ ಗಡಿಯನ್ನು ದಾಟುತ್ತಿದ್ದುದೇ ಅಪರೂಪ. ಕೊಯ್ದು, ಕಂತೆ ಕಟ್ಟಿ, ಕಣದಲ್ಲಿ ಬಡಿದು, ಗೂಟ ನೆಟ್ಟ ಎತ್ತಿನ ಗಾಡಿಯಲ್ಲಿ ಹೇರಿ ಹಿತ್ತಿಲಿಗೆ ತಂದರೆ, ಅಲ್ಲಿ ಅದು ಮೆದೆಯಾಗಿ, ಉತ್ತರದವರ ಮಾತಿನಲ್ಲಿ ಬಣವೆಯಾಗಿ, ವರ್ಷವೆಲ್ಲ ನಿಲ್ಲುತ್ತಿತ್ತು. ಕಟಾವು ಯಂತ್ರ ಬಂದ ಮೇಲೆ ಹುಲ್ಲು ಗದ್ದೆಯಲ್ಲಿಯೇ ಚೆಲ್ಲಿಹೋಗುವಂತಾಯಿತು. ಅದನ್ನು ಬಾಚಿ, ಅದುಮಿ, ಹುರಿ ಸುತ್ತಿ ಸುರುಳಿ ಮಾಡುವ ಮತ್ತೊಂದು ಯಂತ್ರ ಅದರ ಹಿಂದೆಯೇ ಬಂದಿತು. ಎರಡಡಿ ದಪ್ಪದ, ಮೂರಡಿ ಉದ್ದದ, 15ರಿಂದ 25 ಕಿಲೋ ತೂಗುವ ಈ ಸುರುಳಿಯನ್ನು ರೋಲು ಎಂದು ಕರೆಯುವ ರೈತರು ಈಗ ಅದನ್ನು ಎಣಿಸಿಯೇ ಮಾರುತ್ತಾರೆ. ಎಣಿಸಿ ಮಾರತಕ್ಕ ವಸ್ತು ದೂರ ಹೋಗಬಲ್ಲುದು.

ಆದರೆ ಅದುಮಿದ ಹುಲ್ಲೂ ಹುಲ್ಲೇ. ಹತ್ತು ಟನ್ನು ಹೊರಬಲ್ಲ ಲಾರಿಯ ತೊಟ್ಟಿ ಅದರ ಅರ್ಧ ತೂಕ ಬರುವ ಮೊದಲೇ ತುಂಬಿಹೋಗುತ್ತದೆ. ಬಾಡಿಗೆಯಾದರೋ ಲಾರಿಗೇ ಹೊರತು ಹುಲ್ಲಿಗಲ್ಲವಾದ್ದರಿಂದ, ಕೊಂಡವನ ಲೆಕ್ಕಾಚಾರ ಸಹಜವಾಗಿಯೇ ಮೇಲಕ್ಕೂ ಪಕ್ಕಕ್ಕೂ ಚಾಚಿಕೊಳ್ಳುತ್ತದೆ. ಲಾರಿಯ ಹಲಗೆ ನೆಲದಿಂದ ನಾಲ್ಕಡಿ ಎತ್ತರದಲ್ಲಿದೆಯೆಂದಿಟ್ಟುಕೊಳ್ಳಿ. ಸುರುಳಿಗಳು ಒಂದರ ಸಂದಿನಲ್ಲಿ ಒಂದು ಕೂರುವಂತೆ ಜೋಡಿಸಿದರೂ ಏಳನೆಯ ವರಸೆ ಮುಗಿಯುವ ಹೊತ್ತಿಗೆ ಹೊರೆಯ ನೆತ್ತಿ ಹದಿನಾರಡಿಯನ್ನು, ಎಂದರೆ ಸುಮಾರು ಐದು ಮೀಟರನ್ನು ಮುಟ್ಟಿರುತ್ತದೆ. ವಿದ್ಯುತ್ ನಿಯಮಗಳ ಪ್ರಕಾರ 11,000 ವೋಲ್ಟಿನ ಬರಿಯ ತಂತಿ ರಸ್ತೆಯನ್ನು ಅಡ್ಡಹಾಯುವಲ್ಲಿ 6.1 ಮೀಟರ್ ಎತ್ತರದಲ್ಲಿರಬೇಕು. ರಸ್ತೆಯಲ್ಲದ ಕಡೆ, ಎಂದರೆ ಹೊಲಗದ್ದೆಗಳ ಮೇಲೆ, 4.6 ಮೀಟರ್ ಇದ್ದರೆ ಸಾಕು. ಹೀಗಾಗಿ ಹೆದ್ದಾರಿಯಲ್ಲಿ ಹೇಗೋ ಪಾರಾಗಬಹುದಾದ ಹೊರೆ, ಅದನ್ನು ತುಂಬಿದ ಗದ್ದೆಯ ಬದುವಿನಲ್ಲಿಯೇ ತಂತಿಗೆ ತಗುಲಬಹುದು. ಬೇಸಗೆಯ ಬಿಸಿಲಿಗೂ, ಪಂಪುಸೆಟ್ಟುಗಳೆಲ್ಲ ಒಮ್ಮೆಗೇ ಓಡುವಾಗಿನ ಪ್ರವಾಹಕ್ಕೂ ತಂತಿ ಕಾದು, ಉದ್ದವಾಗಿ, ಜೋಲುಬೀಳುತ್ತದೆ. ಹುಲ್ಲು ಸಾಗುವುದೂ ಆ ದಿನಗಳಲ್ಲಿಯೇ. ಹೊರೆ ಹೇರುವ ಮುನ್ನ ಹೊರಹೋಗುವ ದಾರಿಯನ್ನು ಒಮ್ಮೆ ತಲೆಯೆತ್ತಿ ನಡೆದು ನೋಡಿದವನು ಈ ಅಪಾಯದ ಬಹುಭಾಗವನ್ನು ಅಲ್ಲಿಯೇ ಕಳೆದುಕೊಂಡಂತೆ. ಹೊರೆಯ ಮೇಲೆ ನಿಂತು ಬಿದಿರುಕೋಲಿನಿಂದ ತಂತಿಯನ್ನೆತ್ತಿ ಲಾರಿಯನ್ನು ದಾಟಿಸುವ ಸಾಹಸವನ್ನು ನೋಡದವರಿಲ್ಲ; ಹಸಿ ಬಿದಿರು ವಿದ್ಯುತ್ತಿಗೆ ದಾರಿಯೇ ಹೊರತು ತಡೆಯಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಸರಕು ವಾಹನದ ಅಗಲ 2.6 ಮೀಟರನ್ನು ಮೀರಕೂಡದು. ತೊಟ್ಟಿಯಿಂದ ಪಕ್ಕಕ್ಕಾಗಲಿ ಹಿಂದಕ್ಕಾಗಲಿ ಮಿತಿಮೀರಿ ಮೇಲಕ್ಕಾಗಲಿ ಚಾಚಿದ ಹೊರೆಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ 20,000 ರೂಪಾಯಿಗಳ ದಂಡವನ್ನು ವಿಧಿಸುತ್ತದೆ, ಹೆಚ್ಚಿನ ಸರಕನ್ನು ಅಲ್ಲಿಯೇ ಇಳಿಸುವ ವೆಚ್ಚವನ್ನೂ ಹೊರಿಸುತ್ತದೆ. ಇಷ್ಟಿದ್ದೂ ಎರಡು ಕಡೆಗೂ ಹೊಟ್ಟೆ ಬಿಟ್ಟುಕೊಂಡು ರಸ್ತೆಯನ್ನೆಲ್ಲ ಆಕ್ರಮಿಸಿ ಬರುವ ಹುಲ್ಲಿನ ಲಾರಿಗಳು ಕಡಮೆಯಾಗಿಲ್ಲ. ಅಂಥ ಲಾರಿಯ ಚಾಲಕನಿಗೆ ಕನ್ನಡಿಯಲ್ಲಿ ಕಾಣುವುದು ತನ್ನ ಹುಲ್ಲೊಂದೇ.

ಹೇರುವುದು ಒಂದು ಕಸುಬುಗಾರಿಕೆ. ಗೋಡೆ ಕಟ್ಟುವವನು ಇಟ್ಟಿಗೆಯ ಸಂದಿನ ಮೇಲೆ ಸಂದು ಬಾರದಂತೆ ನೋಡಿಕೊಳ್ಳುವ ಹಾಗೆ, ಬಲ್ಲ ಕೂಲಿಯವನು ಅಂಚಿನ ಸುರುಳಿಗಳನ್ನು ಅಡ್ಡಡ್ಡವಾಗಿ, ತುಸು ಒಳವಾಲಿಸಿ ಇಡುತ್ತಾನೆ. ನಡುವಿನವು ಅವುಗಳನ್ನು ಅದುಮಿ ಹಿಡಿಯುತ್ತವೆ. ಮೇಲೇರಿದಂತೆ ಹೊರೆ ಕಿರಿದಾಗುತ್ತ ಹೋಗುತ್ತದೆ. ಹಗ್ಗವನ್ನು ಉದ್ದಕ್ಕೆ ಮಾತ್ರವಲ್ಲದೆ ಅಡ್ಡಕ್ಕೂ ಕತ್ತರಿಯಾಕಾರದಲ್ಲಿಯೂ ಎಳೆದು ಬಿಗಿಯಬೇಕು. ಇಷ್ಟರಿಂದ ಕೆಲಸ ಮುಗಿಯಿತೆಂದು ತಿಳಿಯುವುದೇ ತಪ್ಪು. ಕಲ್ಲು ಹೇರಿದಂತೆಯೇ ಇರುತ್ತದೆ. ಹುಲ್ಲು ಕುಲುಕಾಟಕ್ಕೆ ಕುಸಿಯುತ್ತದೆ, ಕುಸಿದಷ್ಟೂ ಹಗ್ಗ ಸಡಿಲವಾಗುತ್ತದೆ. ಹೊರಟು ಹತ್ತು ಕಿಲೋಮೀಟರ್ ದಾಟುವುದರೊಳಗೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯದ ಹೊರೆ ಮೊದಲ ತಿರುವಿನಲ್ಲಿಯೇ ಒಂದು ಮಗ್ಗುಲಿಗೆ ವಾಲುತ್ತದೆ. ಅಂಥ ಹೊರೆಯ ಮೇಲೆ ಕೂಲಿಯವರನ್ನು ಮಲಗಿಸಿಕೊಂಡು ಬರುವ ಪದ್ಧತಿಯನ್ನು ಏನೆನ್ನೋಣ! ಮೆತ್ತಗಿನ ಹಾಸಿಗೆಯೆಂದು ಅವರೂ ಒಪ್ಪುತ್ತಾರೆ. ಮರದ ಕೊಂಬೆಗಾಗಲಿ ತಂತಿಗಾಗಲಿ ನಿದ್ದೆ ಹೋದವನ ಗುರುತು ಹತ್ತುವುದಿಲ್ಲ.

ಟ್ರಾಕ್ಟರಿನ ಟ್ರೇಲರಿಗೆ ಇದಲ್ಲದೆ ಮತ್ತೊಂದು ಕಷ್ಟವುಂಟು. ಎರಡೇ ಗಾಲಿಯ ಟ್ರೇಲರು ತಕ್ಕಡಿಯಂತೆ: ಹಿಂದೆ ಹೊರೆ ಹೆಚ್ಚಾದರೆ ಮುಂದಿನ ಮೂಕಿ ಮೇಲೆದ್ದು ಟ್ರಾಕ್ಟರಿನ ಹಿಂಗಾಲಿಗಳ ಹಿಡಿತವನ್ನು ಕಸಿದುಕೊಳ್ಳುತ್ತದೆ. ಆದುದರಿಂದ ತೂಕ ಅಚ್ಚಿಗಿಂತ ತುಸು ಮುಂದಕ್ಕೇ ಬೀಳಬೇಕು. ಎತ್ತಿನ ಗಾಡಿಯಲ್ಲಿ ಮೂಕಿಬಾರವೋ ಹಿಂಬಾರವೋ ಎಂದು ಕೈಯಿಟ್ಟೇ ಹೇಳುತ್ತಿದ್ದ ಹಿರಿಯರಿಗೆ ಇದು ಹೊಸ ಸಂಗತಿಯಲ್ಲ. ಟ್ರೇಲರಿಗೆ ತನ್ನದೇ ಬ್ರೇಕು ಇಲ್ಲದಿದ್ದಲ್ಲಿ, ಇಳಿಜಾರಿನಲ್ಲಿ ಅದು ಟ್ರಾಕ್ಟರನ್ನು ಹಿಂದಿನಿಂದ ನೂಕಿ ಅಡ್ಡ ತಿರುಗಿಸಬಲ್ಲುದು; ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬಂದು, ಡೀಸೆಲ್ಲು ಉಳಿಸುವ ಲೋಭದಿಂದ ನ್ಯೂಟ್ರಲ್ಲಿಗೆ ತಳ್ಳದೆ ಇರುವುದೊಂದೇ ಅದಕ್ಕೆ ಉಪಾಯ. ರಾತ್ರಿಯಲ್ಲಿಯಂತೂ ಇಳಿಬಿದ್ದ ಹುಲ್ಲು ಹಿಂದಿನ ದೀಪಗಳನ್ನು ಮುಚ್ಚಿಬಿಡುತ್ತದೆ. ಕೆಟ್ಟು ನಿಂತ ಟ್ರೇಲರು ದೀಪವಿಲ್ಲದೆ, ಹೊಳೆಯುವ ಕೆಂಪು ಪಟ್ಟಿಯಿಲ್ಲದೆ ರಸ್ತೆಯಲ್ಲಿದ್ದರೆ, ಹಿಂದೆ ಬರುವ ಬೈಕಿನವನಿಗೆ ಅದು ಕತ್ತಲೆಯ ಒಂದು ಭಾಗವಾಗಿಯೇ ತೋರುತ್ತದೆ.

ಇನ್ನು ಬೆಂಕಿ. ಸಂಕ್ರಾಂತಿಯ ಸಂಜೆ ಮಂಡ್ಯ, ಮೈಸೂರು ಸೀಮೆಗಳಲ್ಲಿ ಹುಲ್ಲು ಹರಡಿ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಒಂದು ಕಿಡಿಯಿಂದ ಆಳೆತ್ತರದ ಜ್ವಾಲೆ ಏಳುವುದಕ್ಕೆ ಎಷ್ಟು ಹೊತ್ತು ಬೇಕೆಂದು ಹೇಳಬೇಕಾಗಿಲ್ಲ. ಲಾರಿಯ ಮೇಲೆ ಆ ಕಿಡಿ ತಂತಿಯಿಂದ ಬರಬಹುದು, ಕಾದ ಸೈಲೆನ್ಸರಿಗೆ ಸುತ್ತಿಕೊಂಡ ಎಳೆಗಳಿಂದ ಬರಬಹುದು, ಎದುರಿನ ವಾಹನದವನು ಎಸೆದ ಬೀಡಿಯಿಂದಲೂ ಬರಬಹುದು. ಓಡುವ ಲಾರಿಯ ಗಾಳಿ ಅದಕ್ಕೆ ತಿದಿಯೊತ್ತಿದಂತೆ. ಮುಂದೆ ಕುಳಿತ ಚಾಲಕನಿಗೆ ತಿಳಿಯುವುದಾದರೋ ದಾರಿಹೋಕರು ಕೂಗಿದ ಮೇಲೆಯೇ. ಆಗ ಸಾಧ್ಯವಾದರೆ ಮನೆಗಳಿಂದಲೂ ಪೆಟ್ರೋಲ್ ಬಂಕಿನಿಂದಲೂ ದೂರವಾದ ಬಯಲಿಗೆ ತಿರುಗಿಸಿ, ಹಗ್ಗ ಕಡಿದು ಹುಲ್ಲನ್ನು ಕೆಡವಿ ಲಾರಿಯನ್ನು ಮುಂದಕ್ಕೊಯ್ಯುವುದುಂಟು; ಬೆಂಕಿ ಬಲಿತಿದ್ದರೆ ಲಾರಿಯ ಆಸೆಯನ್ನು ಬಿಟ್ಟು ಇಳಿಯುವುದೇ ವಿವೇಕ. ತಂತಿ ಇನ್ನೂ ಹೊರೆಗೆ ತಗುಲಿಯೇ ಇದ್ದರೆ ಇಳಿಯುವ ರೀತಿಯೇ ಬೇರೆ. ಒಂದು ಕೈ ಬಾಗಿಲಿನಲ್ಲಿರುವಾಗ ಒಂದು ಕಾಲು ನೆಲಕ್ಕೆ ತಾಕಿದರೆ ವಿದ್ಯುತ್ತು ಆ ದೇಹದ ಮೂಲಕವೇ ಭೂಮಿಗಿಳಿಯುತ್ತದೆ. ಎರಡು ಕಾಲನ್ನೂ ಜೋಡಿಸಿ, ವಾಹನವನ್ನು ಮುಟ್ಟದೆ ನೆಗೆದು, ಬಳಿಕ ಪಾದಗಳನ್ನು ಬೇರ್ಪಡಿಸದೆ ಮೆಲ್ಲನೆ ಸರಿಯುತ್ತ ದೂರ ಹೋಗಬೇಕು. ಹೆದರಿ ಓಡುವವನ ಒಂದೊಂದು ಹೆಜ್ಜೆಯೂ ನೆಲದಲ್ಲಿ ಹರಡಿದ ವಿದ್ಯುತ್ತಿಗೆ ಸೇತುವೆಯಾಗುತ್ತದೆ.

ಕಿಡಿಯೇ ಬೇಕಿಲ್ಲದ ಬೆಂಕಿಯೂ ಒಂದುಂಟು. ಇಬ್ಬನಿಯಲ್ಲೋ ಅಕಾಲದ ಮಳೆಯಲ್ಲೋ ನೆನೆದ ಹುಲ್ಲನ್ನು ಆರಗೊಡದೆ ಸುರುಳಿ ಸುತ್ತಿದರೆ, ಒಳಗೆ ಸೂಕ್ಷ್ಮಜೀವಿಗಳು ಹೆಚ್ಚಿ ಶಾಖ ಹುಟ್ಟುತ್ತದೆ; ನೀರಿನಂಶ ನೂರಕ್ಕೆ 20ನ್ನು ಮೀರಿದ ಮೇವನ್ನು ಒತ್ತಾಗಿ ಒಟ್ಟಿದಲ್ಲಿ ಆ ಶಾಖ ಹೊರಬೀಳುವ ದಾರಿ ಕಾಣದೆ ದಿನದಿನಕ್ಕೆ ಏರುತ್ತ, ವಾರಗಳ ನಂತರವೂ ಹೊತ್ತಿಕೊಳ್ಳುವ ಮಟ್ಟವನ್ನು ಮುಟ್ಟಬಹುದು. ಹೀಗಾಗಿ ದೂರದಿಂದ ಬಂದ ಹೊರೆಯನ್ನು ಇಳಿಸಿದ ರಾತ್ರಿಯೇ ಕೊಟ್ಟಿಗೆಯ ಅಟ್ಟಕ್ಕೆ ಏರಿಸುವ ಅವಸರ ಬೇಡ. ಬಯಲಿನಲ್ಲಿ ಸಂದು ಬಿಟ್ಟು ಒಟ್ಟಿ, ಒಂದು ಕಬ್ಬಿಣದ ಸಲಾಕೆಯನ್ನು ಒಳಕ್ಕೆ ತಿವಿದಿಟ್ಟು, ಕಾಲುಗಂಟೆಯ ಮೇಲೆ ಎಳೆದು ಅಂಗೈಯಲ್ಲಿ ಹಿಡಿದು ನೋಡಬೇಕು. ಹಿಡಿಯಲಾರದಷ್ಟು ಬಿಸಿಯಾಗಿದ್ದರೆ ಹುಲ್ಲನ್ನು ಮುಟ್ಟುವ ಮೊದಲು ನೀರನ್ನೂ ಅಗ್ನಿಶಾಮಕದವರನ್ನೂ ಕರೆಸಿಕೊಳ್ಳಬೇಕು. ಏಕೆಂದರೆ ಒಳಗೆ ಗಾಳಿಯಿಲ್ಲದೆ ಬೇಯುತ್ತಿದ್ದ ಹುಲ್ಲು, ಮೆದೆಯನ್ನು ಬಿಚ್ಚಿದ ಕ್ಷಣದಲ್ಲಿಯೇ ಗಾಳಿ ಸೋಕಿ ಭಗ್ಗನೆ ಹೊತ್ತಿಕೊಳ್ಳುತ್ತದೆ.