ಮೋಕ್ಷಕ್ಕೆ ಗ್ಯಾರಂಟಿ ಉಂಟಾ?

ಮೂಡುಬಿದಿರೆ ಕಡೆಯ ನಮ್ಮ ಕೊಂಕಣಿ ಮನೆಯಲ್ಲಿ ಸಂಜೆಯ ತೇರ್ಸ್ (ಜಪಸರ ಪ್ರಾರ್ಥನೆ) ತಪ್ಪುವಂತಿಲ್ಲ. ಜಪಸರದ ಮಣಿ ಸರಿದಂತೆ, ಸಾಯುವ ಗಳಿಗೆಯಲ್ಲೂ ನಮಗಾಗಿ ಬೇಡಿಕೋ ಎಂದು ಮರಿಯಮ್ಮನಲ್ಲಿ 53 ಬಾರಿ ಮೊರೆ. “ಇಷ್ಟು ಬೇಡಿದರೂ ಮೋಕ್ಷ ಗ್ಯಾರಂಟಿ ಇಲ್ವಾ?” ಅಂತ ಅಜ್ಜಿಯನ್ನು ಕೇಳಿದ್ದೆ. “ಭರವಸೆ ಉಂಟು ಮಗಾ, ಜಂಬ ಬೇಡ” ಅಂದರು.

ಕಥೋಲಿಕ ಬೋಧನೆಯ ಸಾರವೇ ಅದು. ಮೋಕ್ಷ ದೇವರು ಪುಕ್ಕಟೆ ಕೊಡುವ ಕೃಪೆ. ಆದರೆ ಘೋರ ಪಾಪ ಮಾಡಿದವನು ಅದನ್ನು ಕಳೆದುಕೊಳ್ಳಬಲ್ಲ, ಪಾಪನಿವೇದನೆಯಿಂದ ಮರಳಿ ಪಡೆಯಬಲ್ಲ. ಬಂಟ್ವಾಳದ ಮೊಡಂಕಾಪು ಚರ್ಚಿನಲ್ಲೂ ಬೆಳ್ತಂಗಡಿಯ ಸಿರೋ ಮಲಬಾರ್ ಧರ್ಮಪ್ರಾಂತ್ಯದಲ್ಲೂ ಇದೇ ಪಾಠ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಪ್ರೊಟೆಸ್ಟಂಟ್ ಸುಧಾರಕ ಲೂಥರನ ಒತ್ತು ತಂದರು: ನಂಬಿಕೆಯೊಂದೇ ಸಾಕು, ನಂಬಿದವನು ಅನುಮಾನಪಡಬೇಕಿಲ್ಲ. ಸತ್ಕ್ರಿಯೆ ಬೇಡವೆಂದಲ್ಲ, ಅದು ನಂಬಿಕೆಯ ಫಲ, ಮೋಕ್ಷದ ಬೆಲೆಯಲ್ಲ.

ಈ ಎರಡು ಬೋಧನೆಗಳ ಜಗಳಕ್ಕೆ ಶತಮಾನಗಳೇ ಸಂದವು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಒಂದೇ ಹೇಳಿಕೆಗೆ ಸಹಿ ಹಾಕಿದರು: ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದಲೇ. ಭಿನ್ನಾಭಿಪ್ರಾಯ ಪೂರ್ತಿ ಅಳಿದಿಲ್ಲ, ನಿಜ. ಆದರೂ ನಮ್ಮೂರಿನ ಪ್ರವಚನಗಳಲ್ಲಿ ನಾನು ಈ ಒಪ್ಪಂದದ ಮಾತು ಕೇಳಿದ್ದು ಅಪರೂಪ. ಗುರುಗಳೂ ಸಭಾಪಾಲಕರೂ ಇದನ್ನೊಮ್ಮೆ ಜನರಿಗೆ ಬಿಡಿಸಿ ಹೇಳಲಿ.