ಹೊಳೆ ಈಜು: ಮೈಗೂ ಹಿತ, ಮನಸ್ಸಿಗೂ ಹಿತ... ಆದ್ರೆ ಹುಷಾರು!

ವಾರಕ್ಕೆ ಐದು ದಿನ ಲ್ಯಾಪ್‌ಟಾಪ್ ಮುಂದೆ ಕೂತು ಸೊಂಟ ಹಿಡ್ಕೊಂಡಿದೆಯಾ? ಜಿಮ್‌ಗೆ ವರ್ಷದ ದುಡ್ಡು ಕಟ್ಟಿ ಎರಡನೇ ತಿಂಗಳಿಗೇ ಬಿಟ್ಟಿದ್ದೀರಾ? ಊರಲ್ಲಿ ಹೊಳೆಯೋ, ಕೆರೆಯೋ, ತೋಟದ ಬಾವಿಯೋ ಇದ್ದು, ಈಜು ಗೊತ್ತಿದ್ದರೆ ನಿಮ್ಮ ಹತ್ತಿರ ಒಂದು ಒಳ್ಳೆಯ ವ್ಯಾಯಾಮಶಾಲೆ ಈಗಾಗಲೇ ಇದೆ.

ನಾನು ತೀರ್ಥಹಳ್ಳಿ ಕಡೆಯವಳು. ಬೆನ್ನಿಗೆ ಎರಡು ಒಣ ತೆಂಗಿನಕಾಯಿ ಕಟ್ಟಿ ಸೋದರಮಾವ ತೋಟದ ಬಾವಿಯಲ್ಲಿ ಈಜು ಕಲಿಸಿದ್ದು. ಆಮೇಲೆ ಓದು, ಬೆಂಗಳೂರು, ಕೆಲಸ ಅಂತ ನೀರಿನ ನಂಟೇ ತಪ್ಪಿತ್ತು. ಮೂವತ್ತೆರಡಕ್ಕೆ ಬೆನ್ನುನೋವು ಶುರುವಾದಾಗ ಫಿಸಿಯೋಥೆರಪಿ ಮಾಡಿದವರು, "ನಡೀರಿ, ಈಜಿ" ಅಂದರು. ವಾರದ ದಿನಗಳಲ್ಲಿ ಈಜುಕೊಳ, ನವೆಂಬರ್‌ನಿಂದ ಫೆಬ್ರವರಿವರೆಗೆ ಊರಿಗೆ ಹೋದಾಗಲೆಲ್ಲ ತುಂಗೆ. ಬೆನ್ನುನೋವು ಪೂರ್ತಿ ಹೋಗಿದೆ ಅಂತ ಹೇಳಲ್ಲ. ಆದರೆ ಮಾತ್ರೆ ಇಲ್ಲದೆ ಮಲಗೋಕಾಗುತ್ತೆ.

ನೀರು ಮೈಗೆ ಏನು ಮಾಡುತ್ತೆ?

ಸೊಂಟದವರೆಗೆ ನೀರಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕುತ್ತಿಗೆವರೆಗೆ ನಿಂತರೆ ಹತ್ತರಲ್ಲಿ ಒಂದು ಭಾಗದಷ್ಟೇ ಉಳಿಯುತ್ತದೆ. ಓಡಿದರೆ ಮಂಡಿ ನೋಯುವವರು, ತೂಕ ಜಾಸ್ತಿ ಇರುವವರು ಕೂಡ ಆರಾಮವಾಗಿ ಈಜಬಹುದು ಅನ್ನೋದು ಇದಕ್ಕೇ. ಇನ್ನೊಂದು ಕಡೆ, ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಹಾಗಾಗಿ ಪ್ರತಿ ಕೈ ಬೀಸಿಗೂ ತೋಳು, ಹೆಗಲು, ಬೆನ್ನು, ಹೊಟ್ಟೆ ಎಲ್ಲಕ್ಕೂ ಕೆಲಸ ಬೀಳುತ್ತದೆ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅರ್ಧ ಗಂಟೆಯಂತೆ ಐದು ದಿನ ಈಜಿದರೆ ಲೆಕ್ಕ ಸರಿಹೋಯ್ತು. ಜೊತೆಗೆ ಬೆಳಗಿನ ಬಿಸಿಲು ಸಿಗುತ್ತೆ. ಎಸಿ ರೂಮಿನಲ್ಲೇ ಹಗಲು ಕಳೆಯುವ ನಮಗೆ ಅದೂ ಬೇಕಾದ್ದೇ.

ಉಸಿರಿನ ವಿಷಯ ಇನ್ನೂ ಚೆನ್ನಾಗಿದೆ. ಮುಖ ತಣ್ಣೀರಿಗೆ ತಾಗಿ ಉಸಿರು ಬಿಗಿಹಿಡಿದಾಗ ಹೃದಯದ ಬಡಿತ ತಾನಾಗೇ ನಿಧಾನವಾಗುತ್ತದೆ. ಸಸ್ತನಿಗಳಿಗೆಲ್ಲ ಇರುವ ಗುಣ ಇದು. ಮುಖ ಮೇಲೆತ್ತಿ ಉಸಿರು ಎಳೆದುಕೊಳ್ಳೋದು, ನೀರೊಳಗೆ ನಿಧಾನವಾಗಿ ಬಿಡೋದು. ಹತ್ತು ನಿಮಿಷ ಈ ಲಯದಲ್ಲಿದ್ದರೆ ಆಫೀಸಿನ ಮೇಲ್ ಒಂದೂ ನೆನಪಾಗಲ್ಲ. ಅಲ್ಲಿ ಫೋನ್ ಕೂಡ ಇರಲ್ವಲ್ಲ!

ಮನಸ್ಸಿಗೆ ಮದ್ದಾ?

2018ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಪ್ರಕರಣ ಪ್ರಕಟವಾಯಿತು. ಖಿನ್ನತೆಗೆ ಮಾತ್ರೆ ತಗೊಳ್ತಿದ್ದ 24 ವರ್ಷದ ಯುವತಿಯೊಬ್ಬಳು ವಾರಕ್ಕೊಮ್ಮೆ ತಣ್ಣನೆಯ ಬಯಲು ನೀರಿನಲ್ಲಿ ಈಜತೊಡಗಿದಳು. ಬರಬರುತ್ತಾ ಮಾತ್ರೆ ಬಿಡುವಷ್ಟು ಚೇತರಿಸಿಕೊಂಡಳು. ಆಮೇಲೆ ಇಂಥ ಈಜಿಗೆ ದೊಡ್ಡ ಹೆಸರು ಬಂತು. ಆದರೆ ಇದು ಒಬ್ಬಳ ಕಥೆ, ಎಲ್ಲರಿಗೂ ಆಗುತ್ತೆ ಅನ್ನೋಕೆ ಪುರಾವೆ ಅಲ್ಲ. ಈಜು ಶುರು ಮಾಡಿದೆ ಅಂತ ಯಾರೂ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಆ ದೇಶದ ನೀರು ಬೇರೆ, ನಮ್ಮದು ಬೇರೆ. 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ದಿಢೀರನೆ ಹಾರಿದರೆ ಉಸಿರು ಏದುಸಿರಾಗಿ, ಬಿಪಿ ಏರುತ್ತದೆ. ನಮ್ಮ ಹೊಳೆಗಳು ಅಷ್ಟು ತಣ್ಣಗಿರೋದು ಅಪರೂಪ. ಆದರೂ ಚಳಿಗಾಲದ ಬೆಳಿಗ್ಗೆ ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಎದೆ ಅಂತ ನಿಧಾನಕ್ಕೆ ಇಳಿಯಿರಿ. ಹೃದಯದ ತೊಂದರೆ, ಬಿಪಿ, ಮೂರ್ಛೆರೋಗ ಇರುವವರು ಡಾಕ್ಟರ ಮಾತು ಕೇಳದೆ ಇಳಿಯಬೇಡಿ.

ನೀರಿಗೆ ಸಲಿಗೆ ಕೊಡಬೇಡಿ

ನನ್ನಮ್ಮನ ತಮ್ಮನೊಬ್ಬ ಹದಿನಾರನೇ ವಯಸ್ಸಲ್ಲಿ ಮಳೆಗಾಲದ ಹೊಳೆಯಲ್ಲಿ ಹೋದ. ಅವನಿಗೆ ಈಜು ಚೆನ್ನಾಗೇ ಬರ್ತಿತ್ತು. ಹಾಗಾಗಿ ನಮ್ಮ ಮನೆಯಲ್ಲಿ "ಈಜು ಬರುತ್ತೆ" ಅನ್ನೋ ಮಾತಿಗೆ ಅಷ್ಟೇನೂ ಬೆಲೆ ಇಲ್ಲ. ಯಾವ ತಿಂಗಳು, ಯಾವ ಜಾಗ, ಜೊತೆಗೆ ಯಾರು ಅಂತ ಕೇಳ್ತಾರೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅಮ್ಮನ ಪ್ರಶ್ನೆಗಳನ್ನೇ ಇಲ್ಲಿ ನಿಮಗೂ ದಾಟಿಸ್ತಿದ್ದೇನೆ.

* ಯಾವ ತಿಂಗಳು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ, ಸಮುದ್ರ ಎರಡೂ ಬೇಡ. ನಿಮ್ಮೂರಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಸುರಿದ ಮಳೆ ಹೊಳೆಯನ್ನು ಏರಿಸುತ್ತದೆ. ಅಣೆಕಟ್ಟಿನ ಕೆಳಗಿನ ಪಾತ್ರದಲ್ಲಿ ಯಾವಾಗ ನೀರು ಬಿಡ್ತಾರೆ ಅಂತ ತಿಳಿದೇ ಇಳಿಯಬೇಕು.

* ಯಾವ ಜಾಗ? ಊರಿನವರು ದಿನಾ ಈಜುವ ಕಡವು ಕೇಳಿಕೊಳ್ಳಿ. ಮರಳು ತೆಗೆದ ಕಡೆ ಮೊಣಕಾಲುದ್ದ ನೀರು ಒಂದೇ ಹೆಜ್ಜೆಗೆ ಆಳುದ್ದ ಆಗುತ್ತದೆ. ಮುತ್ತತ್ತಿ, ಸಂಗಮ, ಮೇಕೆದಾಟು ಕಡೆಯ ಕಾವೇರಿಯಲ್ಲಿ ಸುಳಿಗೆ ಸಿಕ್ಕಿ ಹೋದವರು ಬಹಳ. ದಾಂಡೇಲಿಯ ಕಾಳಿಯಲ್ಲಿ ಮೊಸಳೆಗಳೂ ಇವೆ.

* ನೀರು ಎಂಥದ್ದು? 2017ರಲ್ಲಿ ಬೆಂಕಿ ಹೊತ್ತಿಕೊಂಡ ಬೆಳ್ಳಂದೂರು ಕೆರೆ ನೆನಪಿದೆಯಲ್ಲ? ಚರಂಡಿ ಸೇರುವ ಕೆರೆ ಬೇಡವೇ ಬೇಡ. ಇಲಿಯ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಗಾಯ ಇದ್ದರೆ ಆ ವಾರ ಬಿಡಿ. ಕೇರಳದಲ್ಲಿ ಸುದ್ದಿಯಾದ ಮೆದುಳು ತಿನ್ನುವ ಅಮೀಬಾ ಬೆಚ್ಚಗಿನ, ನಿಂತ ಸಿಹಿನೀರಿನಲ್ಲಿ ಇರುತ್ತದೆ, ಮೂಗಿನಿಂದ ಒಳಹೋಗುತ್ತದೆ. ಬೇಸಿಗೆಯ ಪಾಚಿಗಟ್ಟಿದ ಹೊಂಡಕ್ಕೆ ಧುಮುಕಬೇಡಿ. ಈಜಿದ ಕೆಲವು ದಿನಗಳಲ್ಲಿ ಜ್ವರ, ತೀವ್ರ ತಲೆನೋವು, ವಾಂತಿ ಬಂದರೆ ಡಾಕ್ಟರಿಗೆ "ಇಂಥ ನೀರಲ್ಲಿ ಈಜಿದ್ದೆ" ಅಂತ ಮರೆಯದೆ ಹೇಳಿ.

* ಜೊತೆಗೆ ಯಾರು? ಒಬ್ಬರೇ ಹೋಗಬೇಡಿ. ದಡದಲ್ಲಿ ಒಬ್ಬರು ಒಣಬಟ್ಟೆಯಲ್ಲೇ ಇರಲಿ, ಕೈಯಲ್ಲಿ ಹಗ್ಗ ಇರಲಿ. ಯಾರಾದರೂ ಮುಳುಗುತ್ತಿದ್ದರೆ ಹಗ್ಗ, ಪಂಚೆ, ಸೀರೆ, ಖಾಲಿ ಕ್ಯಾನ್ ಏನಾದರೂ ಎಸೆಯಿರಿ. ಉಳಿಸೋಕೆ ಹಾರಿದವರೂ ಜೊತೆಗೇ ಹೋದ ಸುದ್ದಿ ಎಷ್ಟು ಓದಿಲ್ಲ ನಾವು?

* ಸೆಳೆತಕ್ಕೆ ಸಿಕ್ಕರೆ? ಸಮುದ್ರದಲ್ಲಿ ಅಲೆ ಒಳಗೆ ಎಳೆದರೆ ಅದರ ಎದುರಿಗೆ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತ ತಪ್ಪಿದ ಮೇಲೆ ದಡದ ಕಡೆ ತಿರುಗಿ. ಸುಸ್ತಾದರೆ ಅಂಗಾತ ತೇಲಿ, ಕೈಯೆತ್ತಿ ಕೂಗಿ.

ಕುಡಿದು ನೀರಿಗಿಳಿಯೋದು, ಬಂಡೆಯ ಮೇಲಿಂದ ರೀಲ್ಸ್‌ಗೋಸ್ಕರ ಹಾರೋದು, ಇವುಗಳ ಬಗ್ಗೆ ಬೇರೆ ಹೇಳಬೇಕಿಲ್ಲ ತಾನೇ?

ಎಲ್ಲಿಂದ ಶುರು ಮಾಡೋದು?

ಈಜು ಬರದಿದ್ದರೆ ಮೊದಲು ಈಜುಕೊಳದಲ್ಲಿ ಕಲೀರಿ. ನಿಲ್ಲದೆ 200 ಮೀಟರ್ ಈಜೋಕೆ, ಐದು ನಿಮಿಷ ಅಂಗಾತ ತೇಲೋಕೆ ಬಂದ ಮೇಲೆ ಹೊಳೆಯ ಮಾತು ಅನ್ನೋದು ನಾನಿಟ್ಟುಕೊಂಡಿರುವ ಲೆಕ್ಕ. ಮೊದಲ ಸಲ ಹತ್ತು ನಿಮಿಷ ಸಾಕು, ದಡಕ್ಕೆ ಹತ್ತಿರದಲ್ಲೇ ಇರಿ. ಮೇಲೆ ಬಂದ ತಕ್ಷಣ ಮೈ ಒರೆಸಿ, ಬೆಚ್ಚಗೆ ಏನಾದರೂ ಕುಡೀರಿ. ಆಮೇಲೆ ಹಸಿವಾಗುತ್ತೆ ನೋಡಿ, ಅದೇ ಬೇರೆ!

ನನ್ನ ಮಗಳಿಗೆ ಈಗ ಏಳು ವರ್ಷ. ಈಜುಕೊಳದಲ್ಲಿ ಮೀನಿನ ಥರ ಓಡಾಡ್ತಾಳೆ. ಈ ಡಿಸೆಂಬರ್‌ನಲ್ಲಿ ಅವಳನ್ನು ಮೊದಲ ಸಲ ಹೊಳೆಗೆ ಕರ್ಕೊಂಡು ಹೋಗ್ತೀನಿ ಅಂದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಲೈಫ್ ಜಾಕೆಟ್ ತಗೊಂಡು ಬಾ, ಹಗ್ಗ ನಾನು ಹಿಡ್ಕೋತೀನಿ" ಅಂದರು. ಜಾಕೆಟ್ ಆರ್ಡರ್ ಮಾಡಿ ಆಗಿದೆ.